ಜೈಲು ಕಂಡ ಜಡ್ಜ್

ಹೋದ ವಾರ ಫ್ರೀಡಂ ಪಾರ್ಕಿಗೆ ಹೋಗಿದ್ದೆ. ಹೊರಗೆ ಧರಣಿ, ಮೈಕು, ಬ್ಯಾನರು. ಒಳಗೆ ಹಳೇ ಸೆಂಟ್ರಲ್ ಜೈಲಿನ ಬ್ಯಾರಕ್ಕು. ಕಂಬಿ ಹಿಡಿದು ಸ್ವಲ್ಪ ಹೊತ್ತು ಸುಮ್ನೆ ನಿಂತೆ. ನೆನಪಾದವರು ಜಸ್ಟಿಸ್ ಎಂ. ರಾಮಾ ಜೋಯಿಸ್.

2021ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅವರ ಹೆಸರೆತ್ತಿದರೆ ಕೆಲವರು ಕೈ ಮುಗಿಯುತ್ತಾರೆ, ಕೆಲವರು ‘ಸಂಘದವರು’ ಅಂತ ಅಲ್ಲಿಗೇ ಮಾತು ಮುಗಿಸುತ್ತಾರೆ. ಅವರನ್ನು ಓದಬೇಕಾದದ್ದು ಈ ಜೈಲಿನಿಂದಲೇ ಅಂತ ನನಗನಿಸುತ್ತದೆ.

1975ರ ಜೂನ್, ಇಂದಿರಾ ಗಾಂಧಿ ಸರ್ಕಾರದ ತುರ್ತು ಪರಿಸ್ಥಿತಿ. ಸಂಸದೀಯ ಸಮಿತಿಯ ಸಭೆಗೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಇಲ್ಲೇ ಬಂಧನವಾದರು. ಅವರ ಪರ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ (ಬಂಧನ ಕಾನೂನುಬದ್ಧವೇ ಅಂತ ಕೋರ್ಟನ್ನು ಕೇಳುವ) ಅರ್ಜಿ ನಡೆಸಿದ ವಕೀಲರಲ್ಲಿ ಶಿವಮೊಗ್ಗ ಕಡೆಯ ಈ ಜೋಯಿಸರೂ ಒಬ್ಬರು. ಅವರನ್ನೂ ಒಳಗೆ ಹಾಕಿದರು. ಇಂಥ ಅರ್ಜಿ ಕೇಳಬಹುದು ಅಂದ ಹೈಕೋರ್ಟುಗಳಲ್ಲಿ ನಮ್ಮದೂ ಒಂದು. ಆದರೆ 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಆ ಬಾಗಿಲನ್ನೇ ಮುಚ್ಚಿತು. ಐವರು ಜಡ್ಜ್‌ಗಳಲ್ಲಿ ಬಾಗಿಲು ಮುಚ್ಚೋದು ಬೇಡ ಅಂದವರು ಎಚ್.ಆರ್. ಖನ್ನಾ ಒಬ್ಬರೇ. ಆ ತೀರ್ಪನ್ನು ಅಳಿಸಿದ್ದು 2017ರಲ್ಲಿ, ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಖಾಸಗಿತನದ ಕೇಸಿನಲ್ಲಿ. ನಲವತ್ತೊಂದು ವರ್ಷ!

ಜೋಯಿಸರು 1977ರಲ್ಲಿ ಹೈಕೋರ್ಟ್ ಜಡ್ಜ್ ಆದರು, ಮುಂದೆ ಪಂಜಾಬ್–ಹರಿಯಾಣದ ಮುಖ್ಯ ನ್ಯಾಯಮೂರ್ತಿ.

ಭಾರತದ ಕಾನೂನು ಇತಿಹಾಸದ ಬಗ್ಗೆ ಅವರು ಬರೆದ ಪುಸ್ತಕವನ್ನು ಲಾ ಓದುವಾಗ ಅವೆನ್ಯೂ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೆ. ಧರ್ಮವೇ ರಾಜನಿಗೂ ರಾಜ, ಅದರ ಬಲದಿಂದ ದುರ್ಬಲನೂ ಬಲಶಾಲಿಯನ್ನು ಗೆಲ್ಲಬಲ್ಲ ಅನ್ನುವ ಬೃಹದಾರಣ್ಯಕ ಉಪನಿಷತ್ತಿನ ಮಾತಿಗೆ ಯಾರೋ ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದಿದ್ದರು. ಆಗ ಅದು ಪರೀಕ್ಷೆಗೆ ಬರೋ ಸಾಲು ಅಷ್ಟೇ. ಆಳುವವರ ಕೈಯಲ್ಲೇ ಜೈಲು ಕಂಡವರಿಗೆ ಅದು ಬರೀ ಶಾಸ್ತ್ರದ ಮಾತಾಗಿ ಉಳಿಯುತ್ತಾ? ಸಂಪ್ರದಾಯದಲ್ಲಿ ಅವರು ಹುಡುಕಿದ್ದು ಅಧಿಕಾರಕ್ಕೆ ಹಾಕುವ ಮೂಗುದಾರ. ಅದಕ್ಕೇ ಅವರ ಮೇಲೆ ನನಗೆ ಇಷ್ಟು ಗೌರವ.

ಆದರೆ ಅವರ ದಾರಿಯಲ್ಲಿ ಪೂರ್ತಿ ನಡೆಯಲಾರೆ. ಮನುಸ್ಮೃತಿಯ ಎಂಟನೇ ಅಧ್ಯಾಯ ತೆಗೆದು ನೋಡಿ. ಬ್ರಾಹ್ಮಣನನ್ನು ಬೈದರೆ ಕ್ಷತ್ರಿಯನಿಗೆ ದಂಡ, ಶೂದ್ರನಿಗೆ ದೇಹದಂಡನೆ. ದುರ್ಬಲನನ್ನು ಕಾಯಬೇಕಾದ ಧರ್ಮ ಇಲ್ಲಿ ಯಾರ ಕಡೆ ನಿಂತಿದೆ? ಹಳೆಯದರಲ್ಲಿ ಒಳ್ಳೇದನ್ನು ಎತ್ತಿ ತೋರಿಸುವವರು ಇದಕ್ಕೂ ಅಷ್ಟೇ ಜೋರಾಗಿ ಉತ್ತರ ಕೊಡಬೇಕು.

ಇನ್ನೊಂದು ನೋವು ಇದೆ. ಜಡ್ಜ್ ಕುರ್ಚಿ ಬಿಟ್ಟ ಮೇಲೆ ಅವರು ಜಾರ್ಖಂಡ್, ಬಿಹಾರದ ರಾಜ್ಯಪಾಲರಾದರು. 2008ರಲ್ಲಿ ಬಿಜೆಪಿಯಿಂದ ರಾಜ್ಯಸಭೆಗೆ ಹೋದರು. ಕಾನೂನು ಅದನ್ನು ತಡೆಯೋದಿಲ್ಲ, ನಿಜ. ಆದರೆ ಜಡ್ಜ್ ಆಗಿದ್ದವರು ಪಕ್ಷದ ಬೆಂಚಿನಲ್ಲಿ ಕೂತರೆ, ಅವರು ಬರೆದ ಹಳೇ ತೀರ್ಪುಗಳನ್ನೂ ಜನ ಅನುಮಾನದಿಂದ ನೋಡುತ್ತಾರೆ. ಅದು ಯಾವ ಪಕ್ಷವಾದರೂ ಅಷ್ಟೇ. ಜೋಯಿಸರ ವಿಷಯದಲ್ಲಿ ನನಗೆ ಜಾಸ್ತಿ ಬೇಜಾರಾಗುತ್ತದೆ, ಯಾಕಂದರೆ ಇವರನ್ನು ಎದುರು ಪಕ್ಷದವರೂ ಓದಬೇಕಿತ್ತು.

ವಾಪಸ್ ಹೊರಡುವಾಗ ಧರಣಿ ಇನ್ನೂ ನಡೀತಿತ್ತು. ಗೇಟಿನ ಪಕ್ಕ ಪೊಲೀಸರು ನೀರು ಕುಡಿಯುತ್ತಾ ನಿಂತಿದ್ದರು. ಮನೆಗೆ ಬಂದು ಆ ಪುಸ್ತಕ ತೆಗೆದೆ. ಪೆನ್ಸಿಲ್ ಗೆರೆ ಮಾಸಿತ್ತು. ಅದರ ಮೇಲೆ ಪೆನ್ನಿನಲ್ಲಿ ಇನ್ನೊಂದು ಗೆರೆ ಎಳೆದೆ.