ಆನೆ ಸುದ್ದಿಯೋ, ಹವಾಮಾನವೋ?

ಮೊನ್ನೆ ಬೆಳಿಗ್ಗೆ ಆರೂವರೆಗೆ ನಮ್ಮ ತೋಟದ ಗೇಟಿನಾಚೆ ರಸ್ತೆ ಮೇಲೆ ಒಂಟಿ ಸಲಗ ನಿಂತಿತ್ತು. ಸಕಲೇಶಪುರದ ಕಡೆಯವರಿಗೆ ಇದೇನು ಹೊಸದಲ್ಲ, ಬಿಡಿ. ಅದೇ ಹೊತ್ತಿಗೆ ತೋಟದ ಲೆಕ್ಕ ನೋಡುವ ರೈಟರ ಜೇಬಿನ ರೇಡಿಯೊ ಟೊಮೆಟೊ ಎಲೆಗೆ ಚುಕ್ಕೆ ಬಂದರೆ ಏನು ಹೊಡೆಯಬೇಕು ಅಂತ ಹೇಳುತ್ತಿತ್ತು. ಆನೆ ಬಗ್ಗೆ ಒಂದು ಮಾತಿಲ್ಲ.

ಪಾಪ, ಎಲ್ಲರೂ ಹೇಳುವ ಹಾಗೂ ಇಲ್ಲ. ಖಾಸಗಿ ಎಫ್‌ಎಂ, ಊರಿನ ಸಂಸ್ಥೆಗಳು ನಡೆಸುವ ಸಮುದಾಯ ಬಾನುಲಿ ತಮ್ಮದೇ ಸುದ್ದಿ ಓದುವಂತಿಲ್ಲ. ಆಕಾಶವಾಣಿಯ ವಾರ್ತೆ ಇದ್ದರೆ, ಅದನ್ನು ಇದ್ದ ಹಾಗೇ ಹಾಕಬಹುದು. ಹಾಗಂತ ಸರ್ಕಾರದ್ದು ಕಲ್ಲು ಮನಸ್ಸಲ್ಲ. ಟ್ರಾಫಿಕ್, ಹವಾಮಾನ, ಹಬ್ಬ, ಪರೀಕ್ಷೆ ಫಲಿತಾಂಶ, ಕರೆಂಟು, ನೀರು ಇವೆಲ್ಲ ಸುದ್ದಿಯಲ್ಲ, ಧಾರಾಳವಾಗಿ ಹೇಳಿ ಅಂತ ನಿಯಮದಲ್ಲೇ ಬರೆದುಕೊಟ್ಟಿದೆ. ಆನೆಯನ್ನು ಯಾವ ಕಾಲಮ್ಮಿಗೆ ಹಾಕೋದು ಅನ್ನೋದಷ್ಟೇ ಬಾಕಿ. ರಸ್ತೆಯಲ್ಲಿದ್ದರೆ ಟ್ರಾಫಿಕ್. ಗದ್ದೆಗೆ ಇಳಿದರೆ ಪ್ರಕೃತಿ ವಿಕೋಪ ಅನ್ನಬಹುದು, ಆದರೆ ಅದನ್ನು ಸ್ಥಳೀಯ ಆಡಳಿತ ಹೇಳಿಕಳಿಸಬೇಕು. ಹಿಂಡು ಕಟ್ಟಿಕೊಂಡು ಹಲಸಿನ ಹಣ್ಣಿಗೆ ಬಂದರೆ ಸಾಂಸ್ಕೃತಿಕ ಕಾರ್ಯಕ್ರಮ. ಮರಿ ಹಾಕಿದರೆ ಫಲಿತಾಂಶ.

ರೇಡಿಯೊ ಕಂಡರೆ ದಿಲ್ಲಿಗೆ ಮೊದಲಿಂದಲೂ ಸ್ವಲ್ಪ ಭಯ. ದಿಲ್ಲಿಯ ಸರ್ಕಾರಿ ರೇಡಿಯೊಗೆ ಹಾರ್ಮೋನಿಯಂ ಕಂಡರೆ ಭಯ. 1940ರಲ್ಲಿ ಆಚೆ ಹಾಕಿದ್ದನ್ನು ಒಳಗೆ ಬಿಟ್ಟುಕೊಳ್ಳೋಕೆ 30 ವರ್ಷ ಹಿಡಿಯಿತು. ಹಾರ್ಮೋನಿಯಂ ಇಲ್ಲದೆ ಹಾಸನದ ಯಾವ ಊರಲ್ಲಿ ನಾಟಕ ನಡೆದಿದೆ, ಹೇಳಿ? ನಮ್ಮ ಪಕ್ಕದ ಮೈಸೂರಿನಲ್ಲಿ ಇಂಥ ಭಯ ಇರಲಿಲ್ಲ. 1935ರಲ್ಲಿ ಮನಃಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ಮನೆಯಲ್ಲೇ 30 ವಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ಶುರು ಮಾಡಿದರು. ಆಕಾಶವಾಣಿ ಅನ್ನೋ ಹೆಸರೂ ಅಲ್ಲಿಂದಲೇ ದಿಲ್ಲಿಗೆ ಹೋಯಿತು. ಇವತ್ತು ಸಮುದಾಯ ಬಾನುಲಿಗೆ 100 ವಾಟ್ ಕೊಡುತ್ತಾರೆ, ಮೂರು ಪಟ್ಟು ಜಾಸ್ತಿ. ಆದರೆ ಮೇಷ್ಟ್ರು ಇವತ್ತು ಅರ್ಜಿ ಹಾಕಿದರೆ ವಾಪಸ್ ಬರುತ್ತೆ. ಒಬ್ಬ ಮನುಷ್ಯನಿಗೆ ಲೈಸೆನ್ಸ್ ಇಲ್ಲ, ಸಂಸ್ಥೆಯೇ ಆಗಬೇಕು.

ಸುದ್ದಿ ಹೇಳುವ ಹಕ್ಕಿರುವ ಸರ್ಕಾರಿ ಬಾನುಲಿ ದೇಶದ ಶೇ 99 ಜನರಿಗೆ ತಲುಪುತ್ತದೆ ಅಂತ ಲೆಕ್ಕ. 23 ಭಾಷೆ, 179 ಉಪಭಾಷೆ. ಮಿಕ್ಕ ಒಂದು ಪರ್ಸೆಂಟು ನಮ್ಮ ತೋಟದ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಇರಬೇಕು. ಎಫ್‌ಎಂ ಅಲೆ ನೆಟ್ಟಗೆ ಹೋಗೋದು. ಗುಡ್ಡ ಅಡ್ಡ ಬಂತೋ, ಮುಗೀತು. ಗೇಟಿನ ಹತ್ತಿರ ಚೆನ್ನಾಗಿ ಕೇಳುತ್ತೆ, ಲೈನಿಗೆ ಇಳಿದರೆ ಬರೀ ಕರಕರ.

ಅಲೆಗಳು ಸಾರ್ವಜನಿಕರ ಸ್ವತ್ತು ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಮೊಬೈಲ್ ಇದ್ದವನು ಯೂಟ್ಯೂಬಿನಲ್ಲಿ ಏನು ಬೇಕಾದರೂ ಕಿರುಚುತ್ತಾನೆ. ರೇಡಿಯೊದವನು ಮಾತ್ರ ತನ್ನೂರಿಗೆ ಆನೆ ಬಂತು ಅನ್ನೋ ಮೊದಲು ನಿಯಮ ತಿರುವಿ ನೋಡಬೇಕು. ತಮಾಷೆ ಸಾಕು. ಈ ಜಿಲ್ಲೆಯಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೊರಟವರು ಆನೆ ಕಾಲಿಗೆ ಸಿಕ್ಕಿ ಸತ್ತಿದ್ದಾರೆ. ಮೊಬೈಲಿಗೆ ಎಚ್ಚರಿಕೆ ಬರುತ್ತೆ ನಿಜ, ಕನ್ನಡದಲ್ಲಿ. ನಮ್ಮ ಲೈನಿನಲ್ಲಿ ಈಗ ಇರೋರು ಅಸ್ಸಾಮಿನವರು. ಕುಯ್ಲಿಗೆ ಬಂದವರು. ಅವರಿಗೆ ಅದನ್ನು ಓದಿ ಹೇಳೋರು ಯಾರು?

ಅವತ್ತು ರೈಟರೇ ಹೇಳಿದರು. ಪಂಚೆ ಎತ್ತಿ ಕಟ್ಟಿಕೊಂಡು 'ಹಾತಿ, ಹಾತಿ' ಅಂತ ಕೂಗುತ್ತಾ ಲೈನಿನ ಕಡೆ ಓಡಿದರು. ಎರಡನೇ ತಿರುವು ಇಳಿಯುವಷ್ಟರಲ್ಲಿ ಜೇಬಿನೊಳಗಿನ ಟೊಮೆಟೊ ಕರಕರ ಅನ್ನತೊಡಗಿತ್ತು.