ಇಪ್ಪತ್ತೊಂದರ ಅಂಗಿ

2022ರ ಡಿಸೆಂಬರ್ 11ರ ಸಂಜೆ ಕೊಚ್ಚಿಯ ಕಲೂರಿನ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಕೇರಳ ಬ್ಲಾಸ್ಟರ್ಸ್ ಮತ್ತು ಬೆಂಗಳೂರು ಎಫ್‌ಸಿ ತಂಡಗಳು ಎದುರಾಗಿದ್ದವು. ಸುತ್ತಲೂ ಹಳದಿ ಅಂಗಿ ತೊಟ್ಟವರು, ನಡುವೆ ಬೆಂಗಳೂರಿನ ನೀಲಿಯನ್ನು ಮನಸ್ಸಿನಲ್ಲಷ್ಟೇ ಇಟ್ಟುಕೊಂಡು ಕುಳಿತ ನಾನು. ಪಂದ್ಯವನ್ನು ಬ್ಲಾಸ್ಟರ್ಸ್ 3–2ರಿಂದ ಗೆದ್ದಿತು. ಆ ಐದು ಗೋಲುಗಳು ಯಾವ ಕ್ರಮದಲ್ಲಿ ಬಂದವೆಂದು ಇಂದು ಯೋಚಿಸಿ ಹೇಳಬೇಕಾಗುತ್ತದೆ. ಆದರೆ ಹಿಂದೆ ಬ್ಲಾಸ್ಟರ್ಸ್‌ನವರೇ ಆಗಿದ್ದು, ಅಂದು ಬೆಂಗಳೂರಿನ ಪರ ನಿಂತಿದ್ದ ರಕ್ಷಣಾ ಆಟಗಾರ ಸಂದೇಶ್ ಜಿಂಗನ್ ಎಂಬ ಹೆಸರಿಗೆ ಆ ಸಂಜೆ ಎದ್ದ ಕೂಗು ಈಗಲೂ ಕಿವಿಯಲ್ಲಿದೆ. ಎದುರಾಳಿಗೆ ಹಾಕುವ ಮಾಮೂಲಿ ಕೂಗು ಅದಾಗಿರಲಿಲ್ಲ. ಬೆಂಗಳೂರಿನಲ್ಲಿ ಬೆಳೆದು, ಕಂಠೀರವದ ಮೆಟ್ಟಿಲುಗಳ ಮೇಲೆ ಫುಟ್‌ಬಾಲ್ ನೋಡಲು ಕಲಿತ ನನಗೆ ಅಂಥ ಸಿಟ್ಟಿನ ಪರಿಚಯವೇ ಇರಲಿಲ್ಲ. ಅದನ್ನು ಅರ್ಥಮಾಡಿಕೊಳ್ಳಲು ನನಗೆ ಕೆಲವು ವರ್ಷಗಳೇ ಹಿಡಿದವು.

ಚಂಡೀಗಢದ ಜಿಂಗನ್ 2014ರಲ್ಲಿ, ಇಂಡಿಯನ್ ಸೂಪರ್ ಲೀಗ್‌ನ ಮೊದಲ ವರ್ಷವೇ, ಬ್ಲಾಸ್ಟರ್ಸ್ ಸೇರಿದಾಗ ಅವರಿಗೆ 21 ವರ್ಷ. ತೊಟ್ಟ ಅಂಗಿಯ ಸಂಖ್ಯೆಯೂ 21. ಆ ವರ್ಷ ಲೀಗ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ ಅವರಿಗೆ ಸಂದಿತು. ಮುಂದೆ ತಂಡದ ನಾಯಕರೂ ಆದರು. ಮಲಯಾಳಂ ಬಾರದ ಪಂಜಾಬಿ ಹುಡುಗನೊಬ್ಬನನ್ನು ಈ ನಾಡು ಹೇಗೆ ತನ್ನವನನ್ನಾಗಿ ಮಾಡಿಕೊಂಡಿತು ಎಂಬುದನ್ನು ಕಣ್ಣಾರೆ ಕಂಡವರಿಗೇ ಗೊತ್ತು. ಕೊಚ್ಚಿಯ ನಮ್ಮ ಕಚೇರಿಯಲ್ಲಿ ಆತನ ಹೆಸರು ಬಂದಾಗಲೆಲ್ಲ ಮೊದಲು ಬರುತ್ತಿದ್ದ ಪದ ‘ನಮ್ಮುಡೆ’. ಕನ್ನಡದ ‘ನಮ್ಮ’ ಎಂಬುದರ ಒಡಹುಟ್ಟಾದ ಆ ಪದವನ್ನು ಮಲಯಾಳಿಗಳು ಹೊರಗಿನವರಿಗೆ ಸುಲಭವಾಗಿ ಬಳಸುವುದಿಲ್ಲ. ಊರಿನ ಅಭಿಮಾನಿ ಬಳಗದ ಹೆಸರೇ ಮಂಜಪ್ಪಡ, ಅಂದರೆ ಹಳದಿ ಪಡೆ. ಆ ಪಡೆ ತನ್ನ ಕೋಟೆಯ ಬಾಗಿಲನ್ನು ಗೋಲಿನ ಮುಂದೆ ನಿಲ್ಲುತ್ತಿದ್ದ ಆತನ ಕೈಗೆ ಒಪ್ಪಿಸಿ ನಿಶ್ಚಿಂತವಾಗಿತ್ತು.

2019ರಲ್ಲಿ ಆದ ಮಂಡಿಯ ಗಾಯದಿಂದ ಇಡೀ ಒಂದು ಋತು ಆಡಲಾಗದ ಜಿಂಗನ್ 2020ರ ಮೇ ತಿಂಗಳಲ್ಲಿ ಕ್ಲಬ್ ತೊರೆದರು. ಪರಸ್ಪರ ಒಪ್ಪಿಗೆಯ ಬೀಳ್ಕೊಡುಗೆ ಅದು. ಆ ಹೊತ್ತಿನಲ್ಲಿ ಬ್ಲಾಸ್ಟರ್ಸ್ ಒಂದು ದೊಡ್ಡ ಗೌರವವನ್ನೂ ಘೋಷಿಸಿತು: 21ನೇ ಸಂಖ್ಯೆಯ ಅಂಗಿಯನ್ನು ಅವರ ಹೆಸರಿನಲ್ಲಿ ನಿವೃತ್ತಿಗೊಳಿಸಲಾಗುವುದು, ಇನ್ನು ಮುಂದೆ ಯಾರಿಗೂ ಕೊಡುವುದಿಲ್ಲ ಎಂದು. ಅವರಿಗಾಗ 26 ವರ್ಷ. ಅದೇ ಸೆಪ್ಟೆಂಬರ್‌ನಲ್ಲಿ ಅವರು ಎಟಿಕೆ ಮೋಹನ್ ಬಾಗನ್ ಸೇರಿದರು; ಮುಂದಿನ ವರ್ಷ ಕ್ರೊಯೇಷಿಯಾದ ಕ್ಲಬ್ಬೊಂದಕ್ಕೆ ಹೋಗಿ, 2022ರ ಜನವರಿಯಲ್ಲಿ ಹಿಂದಿರುಗಿದರು. ಕೋವಿಡ್ ಸೋಂಕಿನ ಕಾರಣದಿಂದ ಆ ಎರಡು ಋತುಗಳ ಪಂದ್ಯಗಳೆಲ್ಲ ಗೋವಾದಲ್ಲಿ ನಡೆದಿದ್ದವು ಎಂಬುದನ್ನು ಮರೆಯಬಾರದು. ಹಳೆಯ ಆಟಗಾರ ಬೇರೆ ಬಣ್ಣದಲ್ಲಿ ಮೊದಲ ಸಲ ಎದುರು ಬಂದಾಗ ಒಮ್ಮೆ ಕೂಗಿ, ಒಮ್ಮೆ ಮುನಿಸಿಕೊಂಡು, ಬಳಿಕ ಸಮಾಧಾನಗೊಳ್ಳುವ ಅವಕಾಶವೇ ಕೊಚ್ಚಿಯ ಜನರಿಗೆ ಸಿಗಲಿಲ್ಲ. ಸಿಟ್ಟು ಮನೆಯ ಟಿವಿ ಮುಂದೆಯೇ ಹೆಪ್ಪುಗಟ್ಟಿತು.

ಅದರ ಮೇಲೆ 2022ರ ಫೆಬ್ರುವರಿಯ ಆ ಮಾತು. ಬ್ಲಾಸ್ಟರ್ಸ್ ವಿರುದ್ಧ 2–2ರ ಸಮಬಲದ ಬಳಿಕ ಅಂಗಳದಿಂದ ಹೊರಬರುವಾಗ, ಹೆಂಗಸರೊಂದಿಗೆ ಆಡಿಬಂದಂತಾಯಿತು ಎಂಬರ್ಥದಲ್ಲಿ ಜಿಂಗನ್ ಆಡಿದ ಮಾತು ಕ್ಯಾಮೆರಾದಲ್ಲಿ ದಾಖಲಾಯಿತು. ಅವರು ಕ್ಷಮೆ ಕೇಳಿದರು. ಮಾತು ಹಳೆಯ ತಂಡವನ್ನೂ ಹೆಣ್ಣುಮಕ್ಕಳನ್ನೂ ಒಟ್ಟಿಗೆ ಹೀನಾಯಗೊಳಿಸಿತ್ತು. ಆ ಬಗ್ಗೆ ಕೇರಳದವರು ಕೆರಳಿದ್ದು ಸರಿಯೇ ಎಂದು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. 21ರ ಅಂಗಿಗೆ ಕೊಟ್ಟ ಗೌರವವನ್ನು ಹಿಂಪಡೆಯಬೇಕು ಎಂಬ ಒತ್ತಾಯ ಎದ್ದದ್ದು ಆಗಲೇ. ಅದೇ ವರ್ಷದ ಆಗಸ್ಟ್‌ನಲ್ಲಿ ಅವರು ಬೆಂಗಳೂರು ಎಫ್‌ಸಿ ಸೇರಿದರು. ಕೇರಳದವರ ಪಾಲಿಗೆ ಸೇರಬಾರದಿದ್ದ ಕ್ಲಬ್ ಒಂದಿದ್ದರೆ ಅದು ಅದೇ ಆಗಿತ್ತು.

ಇನ್ನು ಬೆಂಗಳೂರಿನ ರೀತಿ. ಕಣ್ಣೂರಿನ ಸಿ.ಕೆ. ವಿನೀತ್ ಬೆಂಗಳೂರು ಎಫ್‌ಸಿಯ ಮೊದಲ ವರ್ಷಗಳ ಮುಖ್ಯ ಆಟಗಾರರಲ್ಲೊಬ್ಬರು. 2017ರ ಮೇ ತಿಂಗಳಲ್ಲಿ ಕಟಕ್‌ನಲ್ಲಿ ನಡೆದ ಫೆಡರೇಷನ್ ಕಪ್ ಫೈನಲ್‌ನ ಹೆಚ್ಚುವರಿ ಸಮಯದಲ್ಲಿ ಮೋಹನ್ ಬಾಗನ್ ವಿರುದ್ಧ ಎರಡೂ ಗೋಲು ಹೊಡೆದು ಕಪ್ ತಂದುಕೊಟ್ಟವರು. ಅಂಥ ಆಟಗಾರ ಅದೇ ವರ್ಷ ಪೂರ್ಣಾವಧಿಗೆ ಬ್ಲಾಸ್ಟರ್ಸ್ ಪಾಲಾದರು. ಅದೇ ವರ್ಷ ಬೆಂಗಳೂರು ಕೂಡ ಸೂಪರ್ ಲೀಗ್‌ಗೆ ಕಾಲಿಟ್ಟದ್ದರಿಂದ ಎರಡೂ ಕ್ಲಬ್‌ಗಳು ಮೊದಲ ಬಾರಿಗೆ ಒಂದೇ ಲೀಗ್‌ನಲ್ಲಿ ಎದುರಾಳಿಗಳಾದವು. ನನ್ನ ಗೆಳೆಯರ ಬಳಗದಲ್ಲಿ ಆಗ ಕೇಳಿಬಂದ ಮಾತು ಒಂದೇ: ‘ಅವರ ಊರು ಅದು, ಹೋಗಲಿ ಬಿಡು.’ ರಿನೊ ಆಂಟೊ ಕೂಡ ಆ ವರ್ಷ ಅತ್ತ ಹೋಗಿ, ಮರುವರ್ಷ ಇತ್ತ ಬಂದರು. ಹೋದಾಗ ಬೈದವರಾಗಲಿ, ಬಂದಾಗ ಹಾರ ಹಾಕಿದವರಾಗಲಿ ನನಗೆ ಕಾಣಲಿಲ್ಲ. ಇದು ನಮ್ಮ ನಾಗರಿಕತೆ, ಆಟಗಾರನ ದುಡಿಮೆಯನ್ನು ದುಡಿಮೆಯೆಂದು ಒಪ್ಪುವ ಪ್ರಬುದ್ಧತೆ ಎಂದು ನಾನು ಬಹಳ ಕಾಲ ಹೆಮ್ಮೆಪಟ್ಟಿದ್ದೆ. ಕೊಚ್ಚಿಗೆ ಬಂದ ಹೊಸದರಲ್ಲಿ ಸಹೋದ್ಯೋಗಿಗಳ ಮುಂದೆ ಹಾಗೆಂದು ಹೇಳಿಯೂ ಇದ್ದೆ.

ಆ ಹೆಮ್ಮೆಯನ್ನು ಅಲುಗಾಡಿಸಿದವರು ನನಗಿಂತ ಹತ್ತು ವರ್ಷ ಹಿರಿಯರಾದ, ಮಲಪ್ಪುರಂ ಕಡೆಯ ಸಹೋದ್ಯೋಗಿಯೊಬ್ಬರು. ನಾನು ಅವರನ್ನು ಚೇಟ, ಅಂದರೆ ಅಣ್ಣ, ಎಂದೇ ಕರೆಯುವುದು. ಡಿಸೆಂಬರ್‌ನ ಆ ಪಂದ್ಯದಿಂದ ಹಿಂದಿರುಗುವಾಗ, ಒಬ್ಬ ಆಟಗಾರ ಕೆಲಸ ಬದಲಿಸಿದ್ದಕ್ಕೆ ಇಷ್ಟು ಕೋಪವೇಕೆ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾಳೆ ಚೆಟ್ರಿ ಹಳದಿ ಅಂಗಿ ಹಾಕಿಕೊಂಡು ಕಂಠೀರವಕ್ಕೆ ಬಂದರೆ ನೀನು ಏನು ಮಾಡುತ್ತೀಯ?’ ಎಂದರು. ಉತ್ತರ ಕೊಡಲು ಬಾಯಿ ತೆರೆದವನಿಗೆ ಮಾತು ಹೊರಡಲಿಲ್ಲ. 2013ರಿಂದ ನಮ್ಮ ಜೊತೆಗಿರುವ ಸುನಿಲ್ ಚೆಟ್ರಿ ಮೋಹನ್ ಬಾಗನ್‌ಗೂ ಈಸ್ಟ್ ಬೆಂಗಾಲ್‌ಗೂ ಆಡಿ ಬಂದವರು ಎಂಬುದು ನನಗೆ ಗೊತ್ತು. ಆದರೆ ಅದು ನಮಗಿಂತ ಹಿಂದಿನ ಕಥೆ. ನಮ್ಮಿಂದ ಹೊರಟು ಹೋಗುವ ಚೆಟ್ರಿಯನ್ನು ನಾನು ಕಲ್ಪಿಸಿಕೊಂಡೇ ಇರಲಿಲ್ಲ. ವಿನೀತ್ ಹೋದಾಗ ನಾವು ತಣ್ಣಗಿದ್ದದ್ದು ಪ್ರಬುದ್ಧತೆಯಿಂದಲ್ಲ, ಅವರಿಗೆ ನಾವು ಕೊಟ್ಟದ್ದೇ ಕಡಿಮೆ ಎಂಬ ಕಾರಣಕ್ಕೆ ಎಂದು ಆ ರಾತ್ರಿ ಮೊದಲ ಸಲ ಅನ್ನಿಸಿತು. ಪ್ರೀತಿಯನ್ನು ಹಿಡಿತದಲ್ಲಿಟ್ಟುಕೊಂಡು ಚಪ್ಪಾಳೆ ತಟ್ಟಿದವನಿಗೆ ಕ್ಷಮಿಸುವುದು ಕಷ್ಟವಲ್ಲ.

ಕೇರಳದವರಿಗೆ ಆಟಗಾರನ ಹೊಟ್ಟೆಪಾಡು ತಿಳಿಯದು ಎನ್ನುವಂತೆಯೂ ಇಲ್ಲ. ಮಲಪ್ಪುರಂ ಸೀಮೆಯ ಸೆವೆನ್ಸ್ ಪಂದ್ಯಗಳನ್ನು ನೋಡಿದವರಿಗೆ ಇದು ಸ್ಪಷ್ಟ. ಒಂದು ತಂಡಕ್ಕೆ ಏಳು ಮಂದಿ. ಬೇಸಿಗೆಯ ರಾತ್ರಿಗಳಲ್ಲಿ, ದೀಪದ ಬೆಳಕಿನಲ್ಲಿ, ಅಡಿಕೆ ಮರದ ಗಳುಗಳಿಂದ ಕಟ್ಟಿದ ಅಟ್ಟಣೆಗಳ ಮೇಲೆ ಜನ ಕಿಕ್ಕಿರಿದಿರುತ್ತಾರೆ. ಅಲ್ಲಿ ಆಫ್ರಿಕಾದಿಂದ ಬಂದ ಆಟಗಾರರೂ ಪಂದ್ಯಕ್ಕೆ ಇಷ್ಟು ಎಂದು ಹಣ ಪಡೆದು ಆಡುತ್ತಾರೆ. ಕಳೆದ ವರ್ಷ ಒಂದು ತಂಡದಲ್ಲಿದ್ದವನು ಈ ವರ್ಷ ಇನ್ನೊಂದರಲ್ಲಿ ಕಂಡರೆ ಯಾರೂ ಅವನನ್ನು ಉಂಡ ಮನೆಗೆ ಎರಡು ಬಗೆದವನೆಂದು ಕರೆಯುವುದಿಲ್ಲ. ಚೇಟ ಹುಟ್ಟಿ ಬೆಳೆದದ್ದೇ ಆ ಅಟ್ಟಣೆಗಳ ಪಕ್ಕದಲ್ಲಿ. ಹೀಗಿರುವಾಗ ಅದೇ ಮನುಷ್ಯ ಜಿಂಗನ್‌ ವಿಷಯದಲ್ಲಿ ಕ್ಷಮಿಸಲಾರದವನಾದದ್ದು ಕೇವಲ ಕ್ಲಬ್ ಬದಲಾವಣೆಯಿಂದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೆ ಇನ್ನೊಂದು ಪುರಾವೆಯೂ ಇದೆ. 2021–22ರಲ್ಲಿ ಬ್ಲಾಸ್ಟರ್ಸ್ ಫೈನಲ್ ತಲುಪಿದಾಗ ಆ ತಂಡದ ಮುಂಚೂಣಿಯಲ್ಲಿದ್ದ ಅರ್ಜೆಂಟೀನಾದ ಹೋರ್ಹೆ ಪೆರೇರಾ ಡಿಯಾಸ್ ಬಳಿಕ ಮುಂಬೈಗೆ, ಅಲ್ಲಿಂದ 2024ರಲ್ಲಿ ಬೆಂಗಳೂರಿಗೆ ಹೋದರು; ಆ ವರ್ಷದ ಅಕ್ಟೋಬರ್ 25ರಂದು ಕಲೂರಿನಲ್ಲೇ ಮೊದಲ ಹತ್ತು ನಿಮಿಷದೊಳಗೆ ನಮ್ಮ ಪರವಾಗಿ ಗೋಲು ಹೊಡೆದರು, ನಾವು 3–1ರಿಂದ ಗೆದ್ದೆವು. ನನ್ನ ಸುತ್ತ ಕುಳಿತವರು ತಲೆಯ ಮೇಲೆ ಕೈಹೊತ್ತರು, ತಮ್ಮ ರಕ್ಷಣೆಯವರನ್ನು ಬೈದರು. ಡಿಯಾಸ್‌ರನ್ನು ದ್ರೋಹಿ ಎಂದವರು ಆ ಸಾಲಿನಲ್ಲಿ ಯಾರೂ ಇರಲಿಲ್ಲ.

2023ರ ಮಾರ್ಚ್ 3ರ ಪಂದ್ಯದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಂಠೀರವದಲ್ಲಿ ಹೆಚ್ಚುವರಿ ಸಮಯದಲ್ಲಿ ಬ್ಲಾಸ್ಟರ್ಸ್ ಸಜ್ಜಾಗುವ ಮೊದಲೇ ಚೆಟ್ರಿ ತ್ವರಿತವಾಗಿ ಹೊಡೆದ ಫ್ರೀಕಿಕ್ ಗೋಲಾಯಿತು, ಅದನ್ನು ಒಪ್ಪದ ಬ್ಲಾಸ್ಟರ್ಸ್ ತರಬೇತುದಾರ ಇವಾನ್ ವುಕೊಮನೊವಿಚ್ ತಮ್ಮ ತಂಡವನ್ನು ಅಂಗಳದಿಂದ ಕರೆದುಕೊಂಡು ಹೋದರು, ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಬಿತ್ತು. ಅಂದು ಚೇಟನ ಮನೆಯಲ್ಲಿ ಕುಳಿತು ನೋಡಿದೆ. ಕೋಣೆಯಲ್ಲಿದ್ದವರ ಸಿಟ್ಟು ರೆಫರಿಯ ಮೇಲಿತ್ತು, ಚೆಟ್ರಿಯ ಮೇಲಿತ್ತು; ಅದು ಕೂಗಿ, ವಾದಿಸಿ, ಚಹಾ ಕುಡಿದು ಇಳಿಸಿಕೊಳ್ಳಬಹುದಾದ ಸಿಟ್ಟು. ನೀಲಿ ಅಂಗಿಯಲ್ಲಿ ಜಿಂಗನ್ ಪರದೆಯ ಮೇಲೆ ಬಂದಾಗ ಮಾತ್ರ ಯಾರೂ ಏನೂ ಹೇಳಲಿಲ್ಲ. ಚೇಟನ ಹಿರಿಯ ಮಗ ಎದ್ದು ಅಡುಗೆಮನೆಯ ಕಡೆ ಹೋದ. ಶಾಲೆಯಲ್ಲಿದ್ದಾಗ ಅವನು ತೊಡುತ್ತಿದ್ದದ್ದು 21ರ ಅಂಗಿಯನ್ನೇ ಎಂದು ಚೇಟ ನನಗೆ ಆಮೇಲೆ ಹೇಳಿದರು.

ಅಭಿಮಾನಿಗೆ ಏನು ಮಾಡುವ ಹಕ್ಕಿದೆ, ಏನಿಲ್ಲ ಎಂಬುದರಲ್ಲಿ ನನಗೆ ಗೊಂದಲವಿಲ್ಲ. ತೊಂಬತ್ತು ನಿಮಿಷ ಕೂಗಲಿ, ಹಳೆಯ ಅಂಗಿಯನ್ನು ಮತ್ತೆ ಮುಟ್ಟದೆ ಬಿಡಲಿ, ಆತನ ಹೆಸರು ಘೋಷಿಸಿದಾಗ ಬೆನ್ನು ತಿರುಗಿಸಿ ನಿಲ್ಲಲಿ; ಟಿಕೆಟ್ ಕೊಂಡು ಬಂದವನ ನೋವಿಗೆ ಅಷ್ಟು ಜಾಗ ಇರಲೇಬೇಕು. ಆತನ ಮನೆಯವರ ಖಾತೆಗಳನ್ನು ಹುಡುಕಿ ನಿಂದಿಸುವುದು, ಬೆದರಿಸುವುದು ನೋವಿನ ಹೆಸರಿನಲ್ಲಿ ನಡೆಯುವ ಹಿಂಸೆ. ಇದನ್ನು ಹಳದಿಯವರು ಮಾಡಿದರೂ ನೀಲಿಯವರು ಮಾಡಿದರೂ ಒಂದೇ. ನಮ್ಮ ತಣ್ಣನೆಯ ರೀತಿಯ ಒಂದು ನಿಜವಾದ ಲಾಭವೆಂದರೆ, ಹಾಗೆ ಕೆರಳಿದವರ ಕೈಗೆ ನಮ್ಮ ಬಳಗ ಸುಲಭವಾಗಿ ಸಿಗುವುದಿಲ್ಲ.

ಆದರೆ ಈ ಪ್ರಕರಣದಲ್ಲಿ ಮೂಲ ತಪ್ಪು ಅಭಿಮಾನಿಗಳದ್ದೂ ಅಲ್ಲ, ಬಹುಮಟ್ಟಿಗೆ ಜಿಂಗನ್‌ರದ್ದೂ ಅಲ್ಲ ಎಂದು ನನಗೆ ಅನ್ನಿಸುತ್ತದೆ. ಇನ್ನೂ ಹತ್ತು ವರ್ಷ ಆಡಬಹುದಾದ 26ರ ರಕ್ಷಣಾ ಆಟಗಾರನಿಗೆ, ಆತ ಬೇರೆಡೆಗೆ ಹೊರಟು ನಿಂತಾಗಲೇ, ಆಟ ಮುಗಿಸಿದವರಿಗೆ ಸಲ್ಲಬೇಕಾದ ಗೌರವವನ್ನು ಕೊಟ್ಟುಬಿಟ್ಟರು. ಎರಡು ಮೂರು ವರ್ಷಗಳ ಒಪ್ಪಂದಗಳ ಮೇಲೆ ನಡೆಯುವ, ಕೈಬೆರಳೆಣಿಕೆಯ ಕ್ಲಬ್‌ಗಳಷ್ಟೇ ಇರುವ ಲೀಗ್‌ನಲ್ಲಿ ಆತ ಒಂದಲ್ಲ ಒಂದು ದಿನ ಎದುರಾಳಿಯ ಅಂಗಿ ತೊಡುವುದು ನಿಶ್ಚಿತವಾಗಿತ್ತು. ಆ ಗೌರವ ಇಲ್ಲದಿದ್ದರೆ ಅವರು ಮೋಹನ್ ಬಾಗನ್‌ಗೆ ಹೋದದ್ದೂ ಬೆಂಗಳೂರಿಗೆ ಬಂದದ್ದೂ ಕೆಲಸದ ಬದಲಾವಣೆಯಾಗಿಯೇ ಉಳಿಯುತ್ತಿತ್ತು, ಆ ಕೆಟ್ಟ ಮಾತಿಗೆ ಕ್ಷಮೆ ಸಿಗಲೂ ದಾರಿ ಇರುತ್ತಿತ್ತು. ಗೌರವ ಕೊಟ್ಟಿದ್ದರಿಂದ ಆತ ತೊಡುವ ಪ್ರತಿಯೊಂದು ಬಣ್ಣವೂ ಋಣ ತೀರಿಸದವನ ಲೆಕ್ಕಕ್ಕೆ ಸೇರಿತು. ಆ ಹೊರೆಯನ್ನು ಆತ ಕೇಳಿ ಪಡೆದಿರಲಿಲ್ಲ. ಆ ಉಡುಗೊರೆಯನ್ನು ಹೃತ್ಪೂರ್ವಕವಾಗಿ ಒಪ್ಪಿದ್ದ ಜನರಿಗೂ ಅದು ಇಷ್ಟು ನೋವು ತರುತ್ತದೆಂದು ಯಾರೂ ಹೇಳಿರಲಿಲ್ಲ.

ಇದನ್ನು ಈಗ ಬರೆಯಲು ಕಾರಣ, ಚೆಟ್ರಿ ತೊಡುವ 11ರ ಅಂಗಿಯ ಬಗ್ಗೆ ಬೆಂಗಳೂರಿನ ನನ್ನ ಗೆಳೆಯರು ಇದೇ ಮಾತನ್ನು ಆಡತೊಡಗಿರುವುದು. 2024ರ ಜೂನ್‌ನಲ್ಲಿ ಭಾರತ ತಂಡಕ್ಕೆ ವಿದಾಯ ಹೇಳಿದ ಚೆಟ್ರಿ ಮರುವರ್ಷ ಹಿಂದಿರುಗಿ ಬಂದದ್ದನ್ನು ಕಂಡ ಮೇಲೂ, ಅವರು ಇನ್ನೂ ಆಡುತ್ತಿರುವಾಗಲೇ 11ನ್ನು ಎತ್ತಿಡೋಣ ಎನ್ನುತ್ತಾರೆ. ಅವರಿಗೆ ನಾನು ಕೊಚ್ಚಿಯಿಂದ ಬರೆದ ಉತ್ತರ ಇಷ್ಟೇ: ಖಂಡಿತ ಎತ್ತಿಡಿ, ನಾನೂ ರೈಲು ಹತ್ತಿ ಕಂಠೀರವಕ್ಕೆ ಬಂದು ನಿಲ್ಲುತ್ತೇನೆ; ಆದರೆ ಅವರು ಬೂಟು ಕಳಚಿ, ಇನ್ನು ಯಾವ ಕ್ಲಬ್‌ಗೂ ಆಡುವುದಿಲ್ಲ ಎಂದ ಮೇಲೆ.