ಮೊದಲು ಬಿಲ್ಲು ವಾಪಸ್ ಕೊಡಿ

ಸ್ವಂತದವರೇ ಅನ್ಯಾಯ ಮಾಡಿದಾಗ ನೊಂದವರಿಗೆ ನಾವು ಹೇಳುವ ಮಾತು ಒಂದೇ. ‘ಆದದ್ದಾಯ್ತು, ಮರೆತುಬಿಡು.’ ನಾನೂ ಹೇಳಿದ್ದೇನೆ. ಈಗ ಹೇಳಲು ನಾಲಿಗೆ ಏಳುವುದಿಲ್ಲ. ಅದಕ್ಕೆ ಕಾರಣ ಫಿಲಾಕ್ಟೀಟಿಸ್.

ಗ್ರೀಕ್ ಪುರಾಣದ ಬಿಲ್ಲುಗಾರ ಇವನು. ಮಹಾವೀರ ಹೆರಾಕ್ಲೀಸನ ಬಿಲ್ಲು ಇವನ ಕೈಲಿತ್ತು. ಟ್ರಾಯ್ ಯುದ್ಧಕ್ಕೆ ಹೋಗುವಾಗ ಕಾಲಿಗೆ ಹಾವು ಕಚ್ಚಿತು. ಗಾಯ ಕೊಳೆತು ನಾರತೊಡಗಿತು. ಇವನ ಚೀರಾಟದಲ್ಲಿ ಪೂಜೆ ಮಾಡೋಕೂ ಆಗ್ತಿಲ್ಲ ಅಂತ, ನಿದ್ದೆಯಲ್ಲಿದ್ದವನನ್ನು ಲೆಮ್ನೋಸ್ ದ್ವೀಪದಲ್ಲಿ ಬಿಟ್ಟು ಎಲ್ಲರೂ ಹೊರಟುಹೋದರು. ಬಿಟ್ಟು ಬರುವ ಕೆಲಸ ಮಾಡಿದವನು ಗ್ರೀಕರ ನಾಯಕರಲ್ಲೊಬ್ಬ, ಒಡಿಸ್ಯೂಸ್. ಹತ್ತನೇ ವರ್ಷ ‘ಇವನೂ ಇವನ ಬಿಲ್ಲೂ ಬರದೆ ಟ್ರಾಯ್ ಬೀಳುವುದಿಲ್ಲ’ ಅಂತ ಕಣಿ ಬಂತು ನೋಡಿ, ಆಗ ನೆನಪಾದ!

ಕ್ರಿ.ಪೂ. 409ರಲ್ಲಿ ಸೋಫೋಕ್ಲೀಸ್ ಇದನ್ನು ನಾಟಕ ಮಾಡಿದ. ಆಗ ಅವನಿಗೆ ಎಂಬತ್ತು ದಾಟಿತ್ತು. ಫಿಲಾಕ್ಟೀಟಿಸ್ ಇರುವ ಗುಹೆಯ ಹತ್ತಿರ ಮೊದಲು ಕಾಣುವುದು ಬಿಸಿಲಿಗೆ ಹರವಿದ, ಕೀವು ಹತ್ತಿದ ಬಟ್ಟೆ ಚೂರುಗಳು. ನೋವು ಏರಿದಾಗ ಒಂದಿಡೀ ಸಾಲಿನಲ್ಲಿ ಮಾತೇ ಇಲ್ಲ. ಬರೀ ‘ಪಪ್ಪಾ ಪಪ್ಪಾ’ ಎನ್ನುವ ನರಳಾಟ.

ಅವನನ್ನು ಕರೆದೊಯ್ಯಲು ಒಡಿಸ್ಯೂಸ್ ಜೊತೆ ದ್ವೀಪಕ್ಕೆ ಬಂದವನು ಗ್ರೀಕ್ ವೀರ ಅಕಿಲೀಸನ ಮಗ ನಿಯೋಪ್ಟಾಲೆಮಸ್, ಇನ್ನೂ ಹುಡುಗ. ಒಡಿಸ್ಯೂಸ್ ಹೇಳಿಕೊಟ್ಟ ಸುಳ್ಳು ಹೇಳಿ ಬಿಲ್ಲನ್ನು ಕೈಗೆ ಮಾಡಿಕೊಳ್ಳುತ್ತಾನೆ. ಆದರೆ ಆ ನರಳಾಟ ಕೇಳಿದ ಮೇಲೆ ಅವನಿಗೆ ತಡೆಯಲಾಗುವುದಿಲ್ಲ. ಬಿಲ್ಲು ವಾಪಸ್ ಕೊಡುತ್ತಾನೆ. ‘ಟ್ರಾಯ್‌ಗೆ ಬಾ, ಅಲ್ಲಿ ವೈದ್ಯರಿದ್ದಾರೆ, ಗಾಯ ವಾಸಿಯಾಗುತ್ತೆ’ ಎನ್ನುತ್ತಾನೆ. ಫಿಲಾಕ್ಟೀಟಿಸ್ ಆಗಲೂ ಒಪ್ಪುವುದಿಲ್ಲ. ಇದನ್ನು ಹಟ ಅನ್ನುವವರಿದ್ದಾರೆ. ನಾನು ಅವನ ಕಡೆಗೇ. ಬಿಟ್ಟು ಓಡಿದವರ ಗೆಲುವಿಗಾಗಿ ಇವನು ಯಾಕೆ ವಾಸಿಯಾಗಬೇಕು? ಹುಡುಗನಿಗೆ ಅದು ಅರ್ಥವಾಗುತ್ತದೆ. ಸರಿ, ನಿನ್ನ ಊರಿಗೇ ಕರೆದುಕೊಂಡು ಹೋಗ್ತೀನಿ ಅಂತ ಒಪ್ಪುತ್ತಾನೆ. ಅದರಿಂದ ತನಗೇ ನಷ್ಟ ಅಂತ ಗೊತ್ತಿದ್ದೂ. ನನ್ನ ಮಟ್ಟಿಗೆ ಔಷಧಿ ಶುರುವಾಗುವುದು ಅಲ್ಲಿ.

2008ರಿಂದೀಚೆಗೆ ಅಮೆರಿಕದ ಸೈನಿಕರ ಮುಂದೆ ಈ ನಾಟಕವನ್ನೂ, ಟ್ರಾಯ್ ಯುದ್ಧದ ಇನ್ನೊಬ್ಬ ವೀರನ ಮೇಲೆ ಸೋಫೋಕ್ಲೀಸನೇ ಬರೆದ ‘ಅಜಾಕ್ಸ್’ ಅನ್ನೂ ಓದಿಸುತ್ತಿದ್ದಾರೆ. ಒಮ್ಮೆ ಸೈನಿಕನೊಬ್ಬನ ಹೆಂಡತಿ ಎದ್ದು ನಿಂತು ಹೇಳಿದಳಂತೆ, ಯುದ್ಧದಿಂದ ಬಂದಾಗಲೆಲ್ಲ ತನ್ನ ಗಂಡನೂ ಅಜಾಕ್ಸ್‌ನ ಹಾಗೆ ಕಣ್ಣಿಗೆ ಕಾಣದ ಹೆಣಗಳನ್ನು ಮನೆಯೊಳಗೆ ಎಳೆದು ತರುತ್ತಿದ್ದ ಅಂತ. (ಆ ಅಜಾಕ್ಸ್ ನಮಗೂ ಹೊಸಬನಲ್ಲ. ಬಿಎಂಶ್ರೀ ಅವನನ್ನೇ ‘ಅಶ್ವತ್ಥಾಮನ್’ ಮಾಡಿದ್ದು.)

ಕೊನೆಗೆ ಹೆರಾಕ್ಲೀಸ್ ದೇವರಾಗಿ ಪ್ರತ್ಯಕ್ಷನಾಗಿ, ಟ್ರಾಯ್‌ಗೆ ಹೋಗು ಅನ್ನುತ್ತಾನೆ. ಕಥೆ ಮುಂದೆ ಸಾಗಬೇಕಲ್ಲ, ಪಾಪ. ಒಡಿಸ್ಯೂಸ್ ಮಾತ್ರ ಕೊನೆವರೆಗೂ ‘ತಪ್ಪಾಯ್ತು’ ಅನ್ನುವುದಿಲ್ಲ. ಹೊರಡುವ ಮುಂಚೆ ಫಿಲಾಕ್ಟೀಟಿಸ್ ಗುಹೆಗೆ, ಊಟೆಯ ನೀರಿಗೆ, ತನ್ನ ನರಳಾಟಕ್ಕೆ ಓಗೊಟ್ಟ ಬೆಟ್ಟಕ್ಕೆ ಒಂದೊಂದಾಗಿ ‘ಹೋಗಿ ಬರ್ತೀನಿ’ ಹೇಳುತ್ತಾನೆ. ಹತ್ತು ವರ್ಷ ಅವನ ಜೊತೆ ಇದ್ದದ್ದು ಅವು ಮಾತ್ರ.